ಫೋನ್ ನಮ್ಮದು, ಲೆಕ್ಕ ಯಾರಿಗೆ?

ನಮ್ಮ ಕಾಲೇಜಿನಲ್ಲಿ ಮೊಬೈಲ್ ಬಗ್ಗೆ ಮಾತು ಬಂದಾಗಲೆಲ್ಲ ಅದು ಒಂದೇ ಕಡೆ ಹೋಗಿ ನಿಲ್ಲುತ್ತದೆ. ಫೋನ್ ಹಿಡಿದರೆ ಓದು ಹಾಳು ಎಂದು ಅಸೆಂಬ್ಲಿಯಲ್ಲಿ ಪ್ರಾಂಶುಪಾಲರು ಹೇಳುತ್ತಾರೆ, ಪೋಷಕರ ಸಭೆಯಲ್ಲಿ ತಂದೆ ತಾಯಂದಿರೂ ಹೇಳುತ್ತಾರೆ. ಅದು ಸುಳ್ಳೇನಲ್ಲ. ಆದರೆ ಈ ಚರ್ಚೆಯಲ್ಲಿ ನಾವು ದಿನಕ್ಕೆ ಎಷ್ಟು ಗಂಟೆ ಫೋನ್ ನೋಡುತ್ತೇವೆ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಫೋನ್ ನಮ್ಮನ್ನು ದಿನಕ್ಕೆ ಎಷ್ಟು ಹೊತ್ತು ನೋಡುತ್ತದೆ, ನೋಡಿದ್ದನ್ನು ಯಾರಿಗೆ ಹೇಳುತ್ತದೆ ಎಂದು ಯಾರೂ ಕೇಳುವುದಿಲ್ಲ. ಈ ಬರಹ ಆ ಎರಡನೆಯ ಪ್ರಶ್ನೆಯ ಬಗ್ಗೆ.

ಖಾಸಗಿತನ ಎಂದ ಕೂಡಲೇ ನಮಗೆ ನೆನಪಾಗುವುದು ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳಂತಹ ಆ್ಯಪ್‌ಗಳು. ಆ್ಯಪ್ ಬೇಡವೆನಿಸಿದರೆ ಅಳಿಸಿಬಿಡಬಹುದು. ಆಪರೇಟಿಂಗ್ ಸಿಸ್ಟಮ್ ಹಾಗಲ್ಲ. ಅದು ಫೋನಿನ ಜೊತೆಗೇ ಬರುತ್ತದೆ, ಉಳಿದ ಎಲ್ಲ ಆ್ಯಪ್‌ಗಳೂ ಅದರ ಮೇಲೆಯೇ ನಡೆಯುತ್ತವೆ. ಆ್ಯಪ್‌ಗಳು ಬಾಡಿಗೆಗೆ ಬಂದವರಾದರೆ ಆಪರೇಟಿಂಗ್ ಸಿಸ್ಟಮ್ ಕಟ್ಟಡದ ಮಾಲೀಕ. ಎಲ್ಲ ಕೋಣೆಗಳ ಕೀಲಿಯೂ ಅವನ ಬಳಿ ಇರುತ್ತದೆ. ಹಾಗಾಗಿ ಅವನು ಏನು ಮಾಡುತ್ತಾನೆ ಎಂಬುದನ್ನು ಬಾಡಿಗೆದಾರರಿಗಿಂತ ಹೆಚ್ಚು ಎಚ್ಚರದಿಂದ ನೋಡಬೇಕು. ನಾವು ಮಾಡುತ್ತಿರುವುದು ಅದಕ್ಕೆ ತದ್ವಿರುದ್ಧ.

ಸುಮ್ಮನೆ ಮೇಜಿನ ಮೇಲಿಟ್ಟ ಫೋನ್

2021ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನ ಪ್ರೊಫೆಸರ್ ಡಗ್ಲಸ್ ಲೀತ್ ಒಂದು ಸರಳವಾದ ಪರೀಕ್ಷೆ ಮಾಡಿದರು. ಆಂಡ್ರಾಯ್ಡ್ ನಡೆಸುವ ಗೂಗಲ್ ಪಿಕ್ಸೆಲ್ ಫೋನ್ ಒಂದು, ಆ್ಯಪಲ್ ಐಫೋನ್ ಒಂದು. ಎರಡರಲ್ಲೂ ಮಾಹಿತಿ ಹಂಚಿಕೆ ಬೇಡವೆಂದು ಸೆಟ್ಟಿಂಗ್ ಮಾಡಿ, ಅವು ಹೊರಗೆ ಏನೇನು ಕಳಿಸುತ್ತವೆ ಎಂದು ದಾಖಲಿಸಿದರು. ಯಾರೂ ಮುಟ್ಟದೆ ಸುಮ್ಮನೆ ಬಿದ್ದಿದ್ದಾಗಲೂ ಎರಡೂ ಫೋನ್‌ಗಳು ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಮ್ಮ ಕಂಪನಿಗೆ ಸುದ್ದಿ ಕಳಿಸುತ್ತಿದ್ದವು. ಗುಣಿಸಿ ನೋಡಿ: 24 ಗಂಟೆಗೆ 1440 ನಿಮಿಷ, ಅದನ್ನು 4.5ರಿಂದ ಭಾಗಿಸಿದರೆ 320. ನಾವು ನಿದ್ದೆ ಮಾಡುತ್ತಿರಲಿ, ಪರೀಕ್ಷೆ ಬರೆಯುತ್ತಿರಲಿ, ದಿನಕ್ಕೆ ಸುಮಾರು 320 ಸಲ. ಪಿಕ್ಸೆಲ್ ಫೋನ್ ಕಳಿಸುವ ಮಾಹಿತಿ ಐಫೋನಿಗಿಂತ ಸುಮಾರು 20 ಪಟ್ಟು ಹೆಚ್ಚು ಎಂದೂ ಅವರು ಬರೆದರು. ಗೂಗಲ್ ಅವರ ಲೆಕ್ಕದ ವಿಧಾನವನ್ನು ಒಪ್ಪಲಿಲ್ಲ. ಫೋನ್ ಸರಿಯಾಗಿ ಕೆಲಸ ಮಾಡಲು, ಭದ್ರವಾಗಿರಲು ಇಂತಹ ಮಾಹಿತಿ ಬೇಕೇ ಬೇಕು ಎಂಬುದು ಅದರ ವಾದ.

ಪಿಕ್ಸೆಲ್, ಐಫೋನ್ ನಮ್ಮಲ್ಲಿ ಎಷ್ಟು ಜನರ ಬಳಿ ಇವೆ ಎಂದು ನೀವು ಕೇಳಬಹುದು. ಅದೇ ವರ್ಷ ಲೀತ್ ಮತ್ತು ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಸ್ಯಾಮ್‌ಸಂಗ್, ಶಿಯೋಮಿ, ರಿಯಲ್‌ಮಿ, ಹುವಾವೇ ಫೋನ್‌ಗಳನ್ನೂ ಪರೀಕ್ಷಿಸಿದರು. ಪರೀಕ್ಷೆಗೆ ಬಳಸಿದ್ದು ಯುರೋಪಿನಲ್ಲಿ ಮಾರುವ ಮಾದರಿಗಳು. ಆದರೂ ಹೆಸರುಗಳು ನಮಗೆ ಪರಿಚಿತವೇ. ಫೋನ್ ಕಂಪನಿಗೆ ಮಾತ್ರವಲ್ಲ, ಮೊದಲೇ ಹಾಕಿಕೊಟ್ಟ ಆ್ಯಪ್‌ಗಳ ಮೂಲಕ ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್‌ನಂತಹ ಬೇರೆ ಕಂಪನಿಗಳಿಗೂ ಮಾಹಿತಿ ಹೋಗುತ್ತಿರುವುದು ಕಂಡುಬಂತು. ಶಿಯೋಮಿ ಫೋನ್ ಯಾವ ಆ್ಯಪ್‌ನ ಯಾವ ಪರದೆಯನ್ನು ಯಾವಾಗ, ಎಷ್ಟು ಹೊತ್ತು ನೋಡಿದರು ಎಂಬುದನ್ನೂ ಕಳಿಸುತ್ತಿತ್ತು. ಅಂದರೆ ಒಬ್ಬರು ಎಷ್ಟು ಗಂಟೆಗೆ ಕರೆ ಮಾಡಿದರು, ಎಷ್ಟು ಹೊತ್ತು ಮಾತಾಡಿದರು ಎಂಬುದನ್ನು ಊಹಿಸಲು ಅಷ್ಟು ಸಾಕು.

ಬೇಡವೆಂದರೂ ಬೇಕೆಂದಂತೆ

ಕೆಲವರು ಹೇಳುತ್ತಾರೆ: ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದರಾಯಿತಲ್ಲ? ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅದನ್ನು ಮುಂದೆ ಹೇಳುತ್ತೇನೆ. ಆದರೆ ಆಫ್ ಎಂಬ ಪದಕ್ಕೆ ಕಂಪನಿಗಳು ಕೊಡುವ ಅರ್ಥವೂ ನಾವು ತಿಳಿದುಕೊಂಡ ಅರ್ಥವೂ ಯಾವಾಗಲೂ ಒಂದೇ ಆಗಿರುವುದಿಲ್ಲ.

2018ರ ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಒಂದು ವರದಿ ಪ್ರಕಟಿಸಿತು. ಲೊಕೇಶನ್ ಹಿಸ್ಟರಿ ಆಫ್ ಮಾಡಿದ ಮೇಲೂ ಗೂಗಲ್ ಬಳಕೆದಾರರು ಇರುವ ಜಾಗವನ್ನು ಉಳಿಸಿಕೊಳ್ಳುತ್ತಿತ್ತು. ಅದಕ್ಕೆ ಕಾರಣ ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿ ಎಂಬ ಇನ್ನೊಂದು ಗುಂಡಿ. ಅದು ತಾನಾಗಿಯೇ ಆನ್ ಆಗಿರುತ್ತಿತ್ತು, ಅದರ ಹೆಸರಿನಲ್ಲಿ ಲೊಕೇಶನ್ ಎಂಬ ಪದವೇ ಇರಲಿಲ್ಲ. ಮುಂಬಾಗಿಲಿಗೆ ಚಿಲಕ ಹಾಕಿಸಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಇದೇ ವಿಷಯದಲ್ಲಿ 2022ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ ಗೂಗಲ್‌ಗೆ 6 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅದೇ ವರ್ಷ ಅಮೆರಿಕದ 40 ರಾಜ್ಯಗಳಿಗೆ ಗೂಗಲ್ 39.15 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು.

ಕಂಪ್ಯೂಟರಿನ ಕತೆಯೂ ಬೇರೆಯಲ್ಲ. 2015ರ ಜುಲೈಯಲ್ಲಿ ಬಂದ ವಿಂಡೋಸ್ 10, ಟೆಲಿಮೆಟ್ರಿ ಎಂಬ ಹೆಸರಿನಲ್ಲಿ ಬಳಕೆದಾರರ ಮಾಹಿತಿ ಸಂಗ್ರಹಿಸುತ್ತದೆ ಎಂಬ ದೂರು ಮೊದಲ ದಿನದಿಂದಲೇ ಇತ್ತು. 2016ರಲ್ಲಿ ಫ್ರಾನ್ಸಿನ ಮಾಹಿತಿ ರಕ್ಷಣಾ ಸಂಸ್ಥೆ ಮೈಕ್ರೋಸಾಫ್ಟ್‌ಗೆ ನೋಟಿಸ್ ಕೊಟ್ಟಿತು: ಬೇಕಾದ್ದಕ್ಕಿಂತ ಹೆಚ್ಚು ಮಾಹಿತಿ ತೆಗೆದುಕೊಳ್ಳುತ್ತಿದ್ದೀರಿ, ಜಾಹೀರಾತಿಗೆ ಬಳಸುವ ಐಡಿಯನ್ನು ಕೇಳದೆಯೇ ಆನ್ ಮಾಡಿಟ್ಟಿದ್ದೀರಿ. ಕಂಪನಿ ಬದಲಾವಣೆ ಮಾಡಿದ ಮೇಲೆ, 2017ರಲ್ಲಿ ಆ ನೋಟಿಸನ್ನು ಮುಚ್ಚಲಾಯಿತು. ಅದೇ ವರ್ಷ ನೆದರ್‌ಲೆಂಡ್ಸ್‌ನ ಸಂಸ್ಥೆಯೂ ವಿಂಡೋಸ್ 10 ತಮ್ಮ ದೇಶದ ಕಾನೂನನ್ನು ಮೀರುತ್ತಿದೆ ಎಂದಿತು. 2018ರಲ್ಲಿ ವಿಂಡೋಸ್‌ಗೆ ಹೊಸ ಸಾಧನವೊಂದು ಬಂತು. ಕಂಪ್ಯೂಟರ್ ಏನೇನು ಕಳಿಸುತ್ತದೆ ಎಂಬುದನ್ನು ಬಳಕೆದಾರರೇ ತೆರೆದು ನೋಡಬಹುದಾಯಿತು. ಆದರೆ ಇವತ್ತಿಗೂ ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಐಚ್ಛಿಕ ಮಾಹಿತಿಯನ್ನು ಮಾತ್ರ ನಿಲ್ಲಿಸಬಹುದು. ಕಡ್ಡಾಯ ಎಂದು ಕಂಪನಿ ಕರೆಯುವ ಭಾಗವನ್ನು ನಿಲ್ಲಿಸುವ ಗುಂಡಿ ಅಲ್ಲಿಲ್ಲ. ಪೂರ್ತಿ ನಿಲ್ಲಿಸುವ ಅವಕಾಶ ದೊಡ್ಡ ಸಂಸ್ಥೆಗಳ ಎಂಟರ್‌ಪ್ರೈಸ್ ಆವೃತ್ತಿಗೂ ಶಿಕ್ಷಣ ಸಂಸ್ಥೆಗಳ ಎಜುಕೇಶನ್ ಆವೃತ್ತಿಗೂ ಇದೆ. ಮನೆಯವರಿಗೆ ಇಲ್ಲದ ಸೌಲಭ್ಯ ಕಂಪನಿಗಳಿಗೆ ಇದೆ ಎಂದಾದರೆ, ನಿಲ್ಲಿಸಲು ತಾಂತ್ರಿಕವಾಗಿ ಸಾಧ್ಯವಿಲ್ಲ ಎಂಬ ನೆಪ ನಿಲ್ಲುವುದಿಲ್ಲ.

ಇನ್ನೂ ಇತ್ತೀಚಿನದು ರಿಕಾಲ್. 2024ರ ಮೇ 20ರಂದು ಮೈಕ್ರೋಸಾಫ್ಟ್ ಇದನ್ನು ಪ್ರಕಟಿಸಿತು. ಹೊಸ ಬಗೆಯ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಕೆಲವು ಸೆಕೆಂಡಿಗೊಮ್ಮೆ ಪರದೆಯ ಚಿತ್ರ ತೆಗೆದು ಇಟ್ಟುಕೊಳ್ಳುತ್ತದೆ, ಹಿಂದೆ ನೋಡಿದ್ದನ್ನು ನಾವು ಹುಡುಕಿ ತೆಗೆಯಬಹುದು ಎಂಬುದು ಇದರ ಉದ್ದೇಶ. ಚಿತ್ರಗಳು ನಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ, ಹೊರಗೆ ಹೋಗುವುದಿಲ್ಲ ಎಂದು ಕಂಪನಿ ಹೇಳಿತು. ಆದರೆ ಆ ಸಂಗ್ರಹಕ್ಕೆ ಸರಿಯಾದ ಬೀಗವೇ ಇಲ್ಲ, ಕಂಪ್ಯೂಟರಿಗೆ ನುಗ್ಗಿದವರು ಎಲ್ಲವನ್ನೂ ಸುಲಭವಾಗಿ ಓದಬಹುದು ಎಂದು ಭದ್ರತಾ ತಜ್ಞರು ಕೆಲವೇ ದಿನಗಳಲ್ಲಿ ತೋರಿಸಿಕೊಟ್ಟರು. ಗಲಾಟೆಯಾಯಿತು. ಕಂಪನಿ ಬಿಡುಗಡೆ ಮುಂದೂಡಿತು, ಗೂಢಲಿಪಿ ಸೇರಿಸಿತು, ಬಳಕೆದಾರ ತಾನಾಗಿ ಆನ್ ಮಾಡಿದರೆ ಮಾತ್ರ ಕೆಲಸ ಮಾಡುವಂತೆ ಬದಲಾಯಿಸಿತು. 2025ರ ಏಪ್ರಿಲ್‌ನಲ್ಲಿ ಅದು ಮತ್ತೆ ಬಂತು. ಮರುತಿಂಗಳೇ ಸಿಗ್ನಲ್ ಎಂಬ ಮೆಸೇಜ್ ಆ್ಯಪ್, ತನ್ನ ಸಂಭಾಷಣೆಗಳ ಚಿತ್ರ ರಿಕಾಲ್‌ಗೆ ಸಿಗದಂತೆ ತಡೆ ಹಾಕಿತು. ಬಾಡಿಗೆದಾರನೊಬ್ಬ ಮಾಲೀಕನ ಕಣ್ಣು ತಪ್ಪಿಸಲು ಕಿಟಕಿಗೆ ಪರದೆ ಹಾಕಿಕೊಂಡಂತಾಯಿತು.

ನಮ್ಮ ಲ್ಯಾಬಿನ ಕಂಪ್ಯೂಟರ್‌ಗಳಲ್ಲಿ ರಿಕಾಲ್ ಇಲ್ಲ, ಅದಕ್ಕೆ ಬೇಕಾದ ಯಂತ್ರಾಂಶವೂ ಅವುಗಳಲ್ಲಿ ಇಲ್ಲ. ಆದರೂ ಈ ಪ್ರಸಂಗವನ್ನು ಹೇಳಲು ಕಾರಣವಿದೆ. ಮೊದಲು ಕೇಳದೆಯೇ ಆನ್ ಆಗಿ ಬರಬೇಕಿದ್ದದ್ದು ಜನ ಮಾತಾಡಿದ ಮೇಲೆ ಕೇಳಿ ಆನ್ ಮಾಡುವಂತಾಯಿತು. ಮಾತಾಡಿ ಏನು ಪ್ರಯೋಜನ ಎನ್ನುವವರಿಗೆ ಇದು ಉತ್ತರ.

ನನ್ನಲ್ಲಿ ಮುಚ್ಚಿಡುವಂಥದ್ದು ಏನಿದೆ?

ಗೆಳೆಯರ ಜೊತೆ ಈ ವಿಷಯ ಮಾತಾಡಿದಾಗಲೆಲ್ಲ ಬರುವ ಪ್ರಶ್ನೆ ಇದು. ನಾನು ಕ್ರಿಕೆಟ್ ಸ್ಕೋರ್ ನೋಡುತ್ತೇನೆ, ಸಿಇಟಿ ಪ್ರಶ್ನೆಪತ್ರಿಕೆ ಹುಡುಕುತ್ತೇನೆ, ಅಷ್ಟೆ. ನೋಡಿದರೆ ನೋಡಿಕೊಳ್ಳಲಿ.

ಎರಡು ಉತ್ತರಗಳಿವೆ. ಒಂದು, ಖಾಸಗಿತನ ಎಂದರೆ ತಪ್ಪು ಮುಚ್ಚಿಡುವುದಲ್ಲ. ಬೇರೆಯವರ ಮನೆಗೆ ಹೋದರೆ ಬಾಗಿಲಲ್ಲೇ ನಿಂತು ಸಲಾಂ ಹೇಳಿ, ಒಳಗೆ ಬರಲೇ ಎಂದು ಕೇಳಿ, ಉತ್ತರ ಬಂದ ಮೇಲೆಯೇ ಕಾಲಿಡಬೇಕೆಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಆ ಮನೆಯಲ್ಲಿ ಕಳ್ಳಮಾಲು ಇದೆ ಎಂಬ ಅನುಮಾನದಿಂದ ಅಲ್ಲ. ಅದು ಅವರ ಮನೆ, ಅದಕ್ಕೆ. ಉತ್ತರ ಬಾರದಿದ್ದರೆ ಹಿಂದಿರುಗಬೇಕು ಎಂಬುದೂ ಆ ಪಾಠದಲ್ಲೇ ಇದೆ. ಹತ್ತು ವರ್ಷದ ಮಗುವಿಗೆ ಗೊತ್ತಿರುವ ಈ ಮರ್ಯಾದೆ ಸಾವಿರಾರು ಎಂಜಿನಿಯರುಗಳಿರುವ ಕಂಪನಿಗೆ ಗೊತ್ತಿರಬಾರದೇ?

ಎರಡನೆಯದು ಇನ್ನೂ ಮುಖ್ಯ. ಯಾವುದು ಸಾಮಾನ್ಯ ಮಾಹಿತಿ, ಯಾವುದು ಸೂಕ್ಷ್ಮ ಎಂದು ತೀರ್ಮಾನಿಸುವುದು ನಾವಲ್ಲ, ಅದನ್ನು ಕೊಂಡುಕೊಂಡವರು. 2020ರ ನವೆಂಬರ್‌ನಲ್ಲಿ ಅಮೆರಿಕದ ಮದರ್‌ಬೋರ್ಡ್ ಪತ್ರಿಕೆ ಬಯಲು ಮಾಡಿದ ವಿಷಯ ನಮ್ಮ ಕಾಲೇಜಿನ ಅನೇಕರಿಗೆ ಹತ್ತಿರದ್ದು. ನಮಾಝಿನ ಸಮಯ ಮತ್ತು ಕಿಬ್ಲಾದ ದಿಕ್ಕು ತೋರಿಸುವ ಮುಸ್ಲಿಂ ಪ್ರೊ ಎಂಬ ಆ್ಯಪ್ ಜಗತ್ತಿನಾದ್ಯಂತ 9 ಕೋಟಿಗೂ ಹೆಚ್ಚು ಸಲ ಡೌನ್‌ಲೋಡ್ ಆಗಿತ್ತು. ಅದು ಬಳಕೆದಾರರು ಇರುವ ಜಾಗದ ಮಾಹಿತಿಯನ್ನು ಎಕ್ಸ್-ಮೋಡ್ ಎಂಬ ದಲ್ಲಾಳಿ ಕಂಪನಿಗೆ ಕೊಡುತ್ತಿತ್ತು. ಆ ಕಂಪನಿ ಅದನ್ನು ಗುತ್ತಿಗೆದಾರರ ಮೂಲಕ ಅಮೆರಿಕದ ಸೇನೆಯ ತನಕ ಮಾರುತ್ತಿತ್ತು. ವರದಿ ಬಂದ ಕೂಡಲೇ ಆ್ಯಪ್‌ನವರು ಎಕ್ಸ್-ಮೋಡ್ ಜೊತೆಗಿನ ಸಂಬಂಧ ಕಡಿದುಕೊಳ್ಳುವುದಾಗಿ ಹೇಳಿದರು. 2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಆಸ್ಪತ್ರೆ, ಪ್ರಾರ್ಥನಾ ಸ್ಥಳದಂತಹ ಸೂಕ್ಷ್ಮ ಜಾಗಗಳ ಮಾಹಿತಿ ಮಾರದಂತೆ ಆ ದಲ್ಲಾಳಿ ಕಂಪನಿಗೆ ಕಡಿವಾಣ ಹಾಕಿತು.

ಇದು ಆ್ಯಪ್‌ನ ತಪ್ಪಲ್ಲವೇ, ಆಪರೇಟಿಂಗ್ ಸಿಸ್ಟಮ್‌ನದ್ದೇನು ಎಂದು ಕೇಳಬಹುದು. ಇಂತಹ ವ್ಯಾಪಾರ ನಡೆಯುವುದೇ ಆಪರೇಟಿಂಗ್ ಸಿಸ್ಟಮ್ ಕೊಡುವ ಎರಡು ಸೌಲಭ್ಯಗಳ ಮೇಲೆ. ಒಂದು, ಆ್ಯಪ್‌ಗೆ ಜಾಗ ತಿಳಿಸುವ ಅನುಮತಿ. ಇನ್ನೊಂದು, ಪ್ರತಿ ಫೋನಿಗೂ ಅಂಟಿಸಿರುವ ಜಾಹೀರಾತು ಐಡಿ. ಹತ್ತು ಆ್ಯಪ್‌ಗಳು ಹತ್ತು ಕಡೆಯಿಂದ ತಂದ ಮಾಹಿತಿ ಒಬ್ಬನೇ ವ್ಯಕ್ತಿಯದ್ದು ಎಂದು ಜೋಡಿಸಲು ಈ ಐಡಿ ದಾರದಂತೆ ಕೆಲಸ ಮಾಡುತ್ತದೆ. ಹೆಸರು ಇಲ್ಲದಿದ್ದರೂ ತೊಂದರೆಯಿಲ್ಲ. ರಾತ್ರಿ ಒಂದು ಮನೆಯಲ್ಲಿ, ಬೆಳಗ್ಗೆ ಒಂದು ಕಾಲೇಜಿನಲ್ಲಿ, ಶುಕ್ರವಾರ ಮಧ್ಯಾಹ್ನ ಒಂದು ಮಸೀದಿಯಲ್ಲಿ ಇರುವ ಫೋನ್ ಯಾರದ್ದು ಎಂದು ಕಂಡುಹಿಡಿಯಲು ಹೆಸರು ಯಾಕೆ ಬೇಕು? ಭಾನುವಾರ ಚರ್ಚಿನಲ್ಲಿ ಇರುವ ಫೋನಿಗೂ ಮಂಗಳವಾರ ದೇವಸ್ಥಾನದಲ್ಲಿ ಇರುವ ಫೋನಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನೊಂದು ಸಂಗತಿ. ನಮ್ಮಲ್ಲಿ ಅನೇಕರಿಗೆ ಸ್ವಂತ ಫೋನ್ ಇಲ್ಲ. ಉಮ್ಮನ ಫೋನು, ಅಣ್ಣ ಬಿಟ್ಟುಕೊಟ್ಟ ಹಳೆಯ ಫೋನು, ಗಲ್ಫ್‌ನಿಂದ ಮಾವ ಕಳಿಸಿದ ಫೋನು. ಮನೆಮಂದಿಗೆಲ್ಲ ಒಂದೇ ಅಕೌಂಟ್. ಒಬ್ಬ ಹುಡುಗಿ ತನ್ನ ಆರೋಗ್ಯದ ಬಗ್ಗೆ, ಯಾರ ಬಳಿಯೂ ಕೇಳಲಾಗದ ಒಂದು ಪ್ರಶ್ನೆಯನ್ನು ರಾತ್ರಿ ಹುಡುಕಿ ನೋಡುತ್ತಾಳೆ. ಮರುದಿನ ಅದೇ ಫೋನ್ ತಮ್ಮನ ಕೈಯಲ್ಲಿರುವಾಗ ಅದಕ್ಕೆ ಸಂಬಂಧಿಸಿದ ಜಾಹೀರಾತು ಬಂದರೆ? ಅವಳು ಮಾಡಿದ್ದು ತಪ್ಪೇನೂ ಅಲ್ಲ. ಆದರೆ ಇನ್ನು ಮುಂದೆ ಅವಳು ಆ ಪ್ರಶ್ನೆ ಕೇಳುವುದಿಲ್ಲ. ಯಾರೋ ನೋಡುತ್ತಿದ್ದಾರೆ ಎಂಬ ಭಯಕ್ಕೆ ತಿಳಿಯಬೇಕಾದ್ದನ್ನು ತಿಳಿಯದೇ ಬಿಡುವುದು ದೊಡ್ಡ ನಷ್ಟ. ವಿದ್ಯಾರ್ಥಿಗಳಾದ ನಮಗಂತೂ ಇದು ಎಲ್ಲಕ್ಕಿಂತ ದೊಡ್ಡ ನಷ್ಟ.

ಕಾನೂನು ಏನು ಹೇಳುತ್ತದೆ

ಖಾಸಗಿತನದ ಹಕ್ಕು ಪಾಶ್ಚಾತ್ಯರ ಚಿಂತೆ, ನಮಗೇಕೆ ಎನ್ನುವವರು ಒಬ್ಬ ಕನ್ನಡಿಗರ ಹೆಸರನ್ನು ನೆನಪಿಡಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು. ಖಾಸಗಿತನ ಮೂಲಭೂತ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲೇ ಅಡಕವಾಗಿದೆ ಎಂದಿತು. ರಾಜ್ಯಶಾಸ್ತ್ರದ ಮೂಲಭೂತ ಹಕ್ಕುಗಳ ಪಾಠ ಓದುವ ಕಲಾ ವಿಭಾಗದ ಗೆಳೆಯರು ಈ ತೀರ್ಪನ್ನು ಪರೀಕ್ಷೆಗೆಂದಾದರೂ ಓದಿಕೊಳ್ಳುವುದು ಒಳ್ಳೆಯದು.

ಆ ತೀರ್ಪಿನ ನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರಲ್ಲಿ ನಮಗೆ ನೇರವಾಗಿ ಸಂಬಂಧಿಸಿದ ಒಂದು ಮಾತಿದೆ. ಈ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅಂದರೆ ಪ್ರಥಮ ಪಿಯುಸಿಯ ಹೆಚ್ಚುಕಡಿಮೆ ಎಲ್ಲರೂ, ದ್ವಿತೀಯ ಪಿಯುಸಿಯ ಬಹಳಷ್ಟು ಜನರೂ ಮಕ್ಕಳೇ. ಮಕ್ಕಳ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮಕ್ಕಳನ್ನು ಹಿಂಬಾಲಿಸಿ ನೋಡುವುದು, ಅವರ ನಡವಳಿಕೆಯ ಮೇಲೆ ನಿಗಾ ಇಡುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ನಿಷಿದ್ಧ. ಮಕ್ಕಳ ವಿಷಯದ ಕಟ್ಟುಪಾಡು ಮುರಿದರೆ 200 ಕೋಟಿ ರೂಪಾಯಿ ತನಕ ದಂಡ. ಕೆಲವು ವಿನಾಯಿತಿಗಳೂ ಇವೆ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಲೆಕ್ಕ ಹಾಕಿದರೆ 2027ರ ಮೇ. ಅಷ್ಟರಲ್ಲಿ ಈಗಿನ ದ್ವಿತೀಯ ಪಿಯುಸಿಯವರು ಡಿಗ್ರಿ ಸೇರಿರುತ್ತಾರೆ, 18 ದಾಟಿಯೂ ಇರುತ್ತಾರೆ. ಕಾನೂನು ನಮ್ಮ ರಕ್ಷಣೆಗೆ ಬರುವಾಗ ನಾವು ಅದರ ಲೆಕ್ಕದಲ್ಲಿ ಮಕ್ಕಳಾಗಿ ಉಳಿದಿರುವುದಿಲ್ಲ. ಆದ್ದರಿಂದ ಅದಕ್ಕಾಗಿ ಕಾದು ಕೂರುವುದು ಬುದ್ಧಿವಂತಿಕೆಯಲ್ಲ.

ಸರ್ಕಾರ ಕಂಪನಿಗಳಿಗೆ ಕಡಿವಾಣ ಹಾಕಬೇಕು, ನಿಜ. ಆದರೆ ಸರ್ಕಾರದ ಕಡೆಗೂ ಒಂದು ಕಣ್ಣು ಬೇಕು. ಸಂಚಾರ್ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನ್‌ಗಳಲ್ಲಿ ಮೊದಲೇ ಹಾಕಿ ಕೊಡಬೇಕೆಂಬ ಆದೇಶ 2025ರ ನವೆಂಬರ್ ಕೊನೆಗೆ ಕಂಪನಿಗಳಿಗೆ ಹೋಯಿತು. ಕಳೆದುಹೋದ ಫೋನ್ ಪತ್ತೆಗೆ, ವಂಚನೆ ತಡೆಗೆ ಆ ಆ್ಯಪ್ ಉಪಯುಕ್ತವೇ. ಆದರೆ ನಮ್ಮನ್ನು ಕೇಳದೆ ನಮ್ಮ ಫೋನಿನಲ್ಲಿ ಏಕೆ ಎಂಬ ಪ್ರಶ್ನೆ ಸಂಸತ್ತಿನ ಒಳಗೂ ಹೊರಗೂ ಎದ್ದಿತು. ಡಿಸೆಂಬರ್ 3ರಂದು ಕಡ್ಡಾಯದ ಆದೇಶ ಹಿಂದಕ್ಕೆ ಹೋಯಿತು. ಬೇಕಾದವರು ತಾವೇ ಹಾಕಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಇರಬೇಕಾದದ್ದೂ ಹಾಗೆಯೇ.

ಕಂಪನಿಗಳ ಪರವಾಗಿ ಒಂದು ಮಾತು

ಎದುರು ಪಕ್ಷದ ಮಾತನ್ನು ಪೂರ್ತಿ ಕೇಳದೆ ತೀರ್ಪು ಕೊಡುವುದು ಸರಿಯಲ್ಲ. ಒಂದು ಅಪ್‌ಡೇಟ್‌ನಿಂದ ಲಕ್ಷಾಂತರ ಕಂಪ್ಯೂಟರ್‌ಗಳು ಕೆಟ್ಟರೆ ಅದು ಕಂಪನಿಗೆ ತಿಳಿಯುವುದು ಅವು ಕಳಿಸುವ ವರದಿಯಿಂದಲೇ. ಹೊಸ ವೈರಸ್ ಎಲ್ಲಿ ಹರಡುತ್ತಿದೆ ಎಂಬುದೂ ಹಾಗೆಯೇ ಗೊತ್ತಾಗುತ್ತದೆ. ಭದ್ರತಾ ಅಪ್‌ಡೇಟ್ ಬೇಡವೆಂದು ಎಲ್ಲವನ್ನೂ ಮುಚ್ಚಿ ಕೂತರೆ ಕಳ್ಳರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಇದನ್ನೆಲ್ಲ ಒಪ್ಪುತ್ತೇನೆ.

ಆದರೆ ಯಂತ್ರ ಕೆಟ್ಟಿದ್ದರ ವರದಿ ಬೇರೆ, ಯಂತ್ರ ಬಳಸುವವನ ವರದಿ ಬೇರೆ. ವೈದ್ಯರಿಗೆ ಜ್ವರದ ಲಕ್ಷಣ ಹೇಳುತ್ತೇವೆ, ಮನೆಯ ಬ್ಯಾಂಕ್ ಪಾಸ್‌ಬುಕ್ ತೋರಿಸುವುದಿಲ್ಲ. ಜಾಹೀರಾತು ಐಡಿಯಿಂದ ಯಾವ ದೋಷ ಸರಿಯಾಗುತ್ತದೆ? ಉಚಿತವಾಗಿ ಕೊಡುತ್ತಾರಲ್ಲ, ಅದಕ್ಕೆ ಮಾಹಿತಿ ತೆಗೆದುಕೊಳ್ಳುತ್ತಾರೆ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ವಿಂಡೋಸ್‌ನ ಬೆಲೆ ಲ್ಯಾಪ್‌ಟಾಪಿನ ಬೆಲೆಯಲ್ಲೇ ಸೇರಿರುತ್ತದೆ. ದುಡ್ಡೂ ಕೊಟ್ಟು ಮಾಹಿತಿಯನ್ನೂ ಕೊಡುವುದೇಕೆ?

ಕೇಳಿ ತೆಗೆದುಕೊಳ್ಳುವುದು ಸಾಧ್ಯ ಎಂಬುದಕ್ಕೆ ಉದಾಹರಣೆ ಇದೆ. ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕುವಾಗ, ನೀವು ಯಾವ ತಂತ್ರಾಂಶಗಳನ್ನು ಬಳಸುತ್ತೀರಿ ಎಂಬ ಅಂಕಿಅಂಶ ಕಳಿಸಲೇ ಎಂದು ಅದು ನೇರವಾಗಿ ಕೇಳುತ್ತದೆ. ನೀವು ಏನನ್ನೂ ಬದಲಿಸದಿದ್ದರೆ ಉತ್ತರ ಇಲ್ಲ ಎಂದೇ ಇರುತ್ತದೆ. ಲಿನಕ್ಸ್ ಲೋಕದಲ್ಲಿ ಎಲ್ಲರೂ ಸಾಚಾ ಎಂದೇನಲ್ಲ. 2012ರಲ್ಲಿ ಉಬುಂಟು ಎಂಬ ಲಿನಕ್ಸ್, ನಾವು ನಮ್ಮದೇ ಕಂಪ್ಯೂಟರಿನಲ್ಲಿ ಕಡತ ಹುಡುಕಿದರೂ ಆ ಪದಗಳನ್ನು ಹೊರಗೆ ಕಳಿಸಿ ಅಮೆಜಾನ್‌ನ ಸರಕುಗಳನ್ನು ತೋರಿಸತೊಡಗಿತು. ಮುಕ್ತ ತಂತ್ರಾಂಶ ಚಳವಳಿಯ ಹಿರಿಯ ರಿಚರ್ಡ್ ಸ್ಟಾಲ್ಮನ್ ಅದನ್ನು ಬೇಹುಗಾರ ತಂತ್ರಾಂಶ ಎಂದೇ ಕರೆದರು. 2016ರ ಆವೃತ್ತಿಯಲ್ಲಿ ಅದು ತಾನಾಗಿ ಆನ್ ಆಗುವುದು ನಿಂತಿತು. ಮುಕ್ತ ತಂತ್ರಾಂಶದ ಒಳಗಿನ ಕೋಡ್ ಎಲ್ಲರಿಗೂ ಕಾಣುತ್ತದೆ. ಅಲ್ಲಿ ಯಾರಾದರೂ ಕೈಚಳಕ ತೋರಿಸಿದರೆ ಸಿಕ್ಕಿಬೀಳುವುದು ಬೇಗ.

ನಾವು ಮಾಡಬಹುದಾದದ್ದು

ಮೊದಲು ನಮ್ಮ ನಮ್ಮ ಫೋನಿನಿಂದ ಶುರು ಮಾಡೋಣ. ಇದಕ್ಕೆ ಕಂಪ್ಯೂಟರ್ ಸೈನ್ಸ್ ಓದಿರಬೇಕಾಗಿಲ್ಲ, ಕಾಲು ಗಂಟೆ ಸಾಕು.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಆ್ಯಡ್ಸ್ ಎಂಬಲ್ಲಿ ಹೋದರೆ ಜಾಹೀರಾತು ಐಡಿಯನ್ನು ಡಿಲೀಟ್ ಮಾಡುವ ಅವಕಾಶವಿದೆ. ಕೆಲವು ಫೋನ್‌ಗಳಲ್ಲಿ ಅದು ಗೂಗಲ್ ಎಂಬ ವಿಭಾಗದೊಳಗೆ ಇರುತ್ತದೆ. ಗೂಗಲ್ ಅಕೌಂಟಿನ ಡೇಟಾ ಅಂಡ್ ಪ್ರೈವೆಸಿ ಪುಟದಲ್ಲಿ ವೆಬ್ ಅಂಡ್ ಆ್ಯಪ್ ಆ್ಯಕ್ಟಿವಿಟಿಯನ್ನು ನಿಲ್ಲಿಸಿ. ನಿಲ್ಲಿಸಲು ಮನಸ್ಸಿಲ್ಲದಿದ್ದರೆ 3 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವಂತೆ ಮಾಡಿ.

ಲೊಕೇಶನ್ ಅನುಮತಿಯನ್ನು ಆ್ಯಪ್ ಬಳಸುವಾಗ ಮಾತ್ರ ಎಂದು ಇಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಅಂದಾಜು ಜಾಗವನ್ನು ಮಾತ್ರ ಕೊಡುವ ಆಯ್ಕೆಯೂ ಇದೆ. ನಮಾಝಿನ ಸಮಯಕ್ಕೆ ನಿಖರ ಜಾಗ ಬೇಕಲ್ಲವೇ ಎಂದು ಕೆಲವರು ಹೇಳಬಹುದು. ಲೆಕ್ಕ ಹಾಕೋಣ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ನಮ್ಮ ರಾಜ್ಯದ ಅಕ್ಷಾಂಶದಲ್ಲಿ ಒಂದು ಡಿಗ್ರಿ ಎಂದರೆ ಪೂರ್ವ ಪಶ್ಚಿಮವಾಗಿ 100 ಕಿ.ಮೀ.ಗಿಂತ ಹೆಚ್ಚು. ಜಾಗ 3 ಕಿ.ಮೀ. ಆಚೀಚೆಯಾದರೂ ಸಮಯದಲ್ಲಿ ಬರುವ ವ್ಯತ್ಯಾಸ ಸುಮಾರು 7 ಸೆಕೆಂಡ್. ಮುಅದ್ದಿನ್ ಮೈಕ್ ಆನ್ ಮಾಡಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಕಿಬ್ಲಾದ ದಿಕ್ಕಂತೂ ಅಷ್ಟಕ್ಕೆ ಬದಲಾಗುವುದೇ ಇಲ್ಲ. ಹಾಗಾಗಿ ನೀವು ಯಾವ ಮನೆಯ ಯಾವ ಕೋಣೆಯಲ್ಲಿದ್ದೀರಿ ಎಂದು ಆ ಆ್ಯಪ್‌ಗೆ ಗೊತ್ತಾಗುವ ಅಗತ್ಯವಿಲ್ಲ.

ಅಕೌಂಟ್ ಮಾಡುವಾಗ ಹುಟ್ಟಿದ ವರ್ಷವನ್ನು ಸುಳ್ಳು ಹೇಳಬೇಡಿ. ದೊಡ್ಡವರೆಂದು ತೋರಿಸಿಕೊಂಡರೆ ಏನೋ ಲಾಭ ಎಂಬ ಭ್ರಮೆ ನಮ್ಮಲ್ಲಿದೆ. 18ರ ಒಳಗಿನವರಿಗೆ ವಯಸ್ಸು, ಲಿಂಗ, ಆಸಕ್ತಿ ನೋಡಿ ಜಾಹೀರಾತು ತೋರಿಸುವುದನ್ನು ನಿಲ್ಲಿಸುವುದಾಗಿ ಗೂಗಲ್ 2021ರಲ್ಲೇ ಹೇಳಿದೆ. ಸುಳ್ಳು ವಯಸ್ಸು ಕೊಟ್ಟವರು ಆ ರಕ್ಷಣೆಯನ್ನು ತಾವಾಗಿಯೇ ಬಿಟ್ಟುಕೊಡುತ್ತಾರೆ. ಮುಂದೆ ಕಾನೂನು ಜಾರಿಗೆ ಬಂದಾಗಲೂ ಇದೇ ತೊಂದರೆ.

ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಪ್ರೈವೆಸಿ ಅಂಡ್ ಸೆಕ್ಯೂರಿಟಿ ಎಂಬಲ್ಲಿ ಜಾಹೀರಾತು ಐಡಿಯನ್ನೂ ಐಚ್ಛಿಕ ಡಯಾಗ್ನೋಸ್ಟಿಕ್ ಮಾಹಿತಿಯನ್ನೂ ಆಫ್ ಮಾಡಿ. ಹೊಸ ಲ್ಯಾಪ್‌ಟಾಪ್ ಮೊದಲ ಸಲ ಆನ್ ಮಾಡಿದಾಗ ಬರುವ ಪ್ರಶ್ನೆಗಳಿಗೆ ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತಾ ಹೋಗಬೇಡಿ. ನಿಮ್ಮ ಒಪ್ಪಿಗೆ ಹೋಗುವುದು ಅಲ್ಲಿಯೇ.

ಕಾಲೇಜಿಗೆ ಮೂರು ವಿನಂತಿ

ಒಬ್ಬೊಬ್ಬರೇ ಮಾಡುವುದರಿಂದ ಎಲ್ಲವೂ ಆಗುವುದಿಲ್ಲ. ಹಾಗಾಗಿ ಪ್ರಾಂಶುಪಾಲರು, ಉಪನ್ಯಾಸಕರು ಮತ್ತು ಆಡಳಿತ ಮಂಡಳಿಯವರ ಮುಂದೆ ಮೂರು ವಿನಂತಿಗಳನ್ನು ಇಡುತ್ತಿದ್ದೇನೆ.

ಮೊದಲನೆಯದು ಲ್ಯಾಬ್. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಮ್ಮ ಲ್ಯಾಬಿನ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಹೊಸವನ್ನು ಕೊಳ್ಳುವುದೋ ಬೇಡವೋ ಎಂಬ ಮಾತು ನಡೆಯುತ್ತಿರುವಾಗಲೇ ಅರ್ಧದಷ್ಟು ಯಂತ್ರಗಳಿಗೆ ಲಿನಕ್ಸ್ ಹಾಕಿ ನೋಡಬಹುದು. ಕಂಪ್ಯೂಟರ್ ಸೈನ್ಸ್‌ನ ಪ್ರಾಯೋಗಿಕ ಕೆಲಸಕ್ಕೆ, ಟೈಪಿಂಗಿಗೆ, ಲೆಕ್ಕದ ಹಾಳೆಗೆ ಅಷ್ಟು ಸಾಕು. ಖರ್ಚೂ ಉಳಿಯುತ್ತದೆ. ವಾಣಿಜ್ಯ ವಿಭಾಗದವರಿಗೆ ಟ್ಯಾಲಿ ಬೇಕು, ಅದಕ್ಕೆ ವಿಂಡೋಸ್ ಬೇಕು ಎಂಬುದು ನಿಜ. ಆ ಯಂತ್ರಗಳು ವಿಂಡೋಸ್‌ನಲ್ಲೇ ಇರಲಿ, ಆದರೆ ಎಜುಕೇಶನ್ ಆವೃತ್ತಿಯಲ್ಲಿ, ಮಾಹಿತಿ ಕಳಿಸುವುದನ್ನು ನಿಲ್ಲಿಸಿ. ಇದೇನೂ ಆಗದ ಮಾತಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನೇ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲೇ ಕಂಪ್ಯೂಟರ್ ಕಲಿಯುತ್ತಾರೆ.

ಎರಡನೆಯದು, ವರ್ಷದ ಆರಂಭದಲ್ಲಿ ಪ್ರಥಮ ಪಿಯುಸಿಯವರಿಗೆ ಒಂದು ತರಗತಿ. ಮೊಬೈಲ್ ತರಬಾರದೆಂಬ ನಿಯಮಕ್ಕೆ ಆ ಒಂದು ದಿನ ರಜೆ ಕೊಟ್ಟು, ಎಲ್ಲರೂ ಫೋನ್ ತಂದು ಮೇಲಿನ ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಬದಲಿಸಲಿ. ದ್ವಿತೀಯ ಪಿಯುಸಿಯ ನಾವೇ ಅದನ್ನು ನಡೆಸಿಕೊಡುತ್ತೇವೆ. ಕಲಿತವರು ಮನೆಗೆ ಹೋಗಿ ಉಮ್ಮನ ಫೋನಿನಲ್ಲೂ ಅಜ್ಜನ ಫೋನಿನಲ್ಲೂ ಮಾಡಿಕೊಡುತ್ತಾರೆ.

ಮೂರನೆಯದು, ಶುಲ್ಕಕ್ಕೆ, ಹಾಜರಿಗೆ, ಆನ್‌ಲೈನ್ ಪರೀಕ್ಷೆಗೆ ಎಂದು ಯಾವುದೇ ಆ್ಯಪ್ ಹಾಕಿಕೊಳ್ಳಲು ನಮಗೆ ಹೇಳುವ ಮೊದಲು, ಅದು ಏನೇನು ಅನುಮತಿ ಕೇಳುತ್ತದೆ ಎಂದು ಯಾರಾದರೂ ಒಬ್ಬರು ಪರಿಶೀಲಿಸಿ ನೋಟಿಸ್ ಬೋರ್ಡಿನಲ್ಲಿ ಹಾಕಲಿ. ಹಾಜರಿ ಆ್ಯಪ್‌ಗೆ ಕಾಂಟ್ಯಾಕ್ಟ್ ಪಟ್ಟಿ ಏಕೆ ಬೇಕು ಎಂದು ಕೇಳುವ ಹಕ್ಕು ವಿದ್ಯಾರ್ಥಿಗಳಿಗೂ ಪೋಷಕರಿಗೂ ಇದೆ.

ಈ ಮೂರರಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಡ. ಎರಡನೆಯದಕ್ಕಂತೂ ಒಂದು ತರಗತಿ ಕೋಣೆ ಮತ್ತು ನಲವತ್ತೈದು ನಿಮಿಷ ಸಾಕು. ಒಪ್ಪಿಗೆ ಸಿಕ್ಕರೆ ಮುಂದಿನ ಶನಿವಾರವೇ ನಾವು ತಯಾರು. ಬರಲು ಆಸಕ್ತಿಯಿರುವವರು ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಹೆಸರು, ತರಗತಿ ಬರೆಯಿರಿ. ಫೋನ್ ನಂಬರ್ ಬರೆಯುವುದು ಬೇಡ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ